ನೆನಪಿನ ನಡೆ

ಚಂದ್ರಾ ಲೇಔಟಿಗೆ ಬಂದ ಹೊಸತರಲ್ಲಿ ನಾವು ಬಾಡಿಗೆಗಿದ್ದ ಮನೆ ಎಷ್ಟನೇ ಕ್ರಾಸಿನಲ್ಲಿತ್ತು ಎಂದು ಒಂದು ಸಂಜೆ ಅಮ್ಮನನ್ನು ಕೇಳಿದೆ. ಅಮ್ಮನಿಗೆ ಈಗ ಎಪ್ಪತ್ತೆಂಟು. "ಕ್ರಾಸು ಗೀಸು ನಂಗೆ ಗೊತ್ತಿಲ್ಲಪ್ಪ. ಇರು, ನಡ್ಕೊಂಡು ಹೋಗಿ ಹೇಳ್ತೀನಿ" ಅಂದಳು. ಕುಳಿತಲ್ಲೇ ಕಣ್ಣು ಮುಚ್ಚಿ, ತೋರುಬೆರಳನ್ನು ಮೇಜಿನ ಮೇಲೆ ಸರಿಸುತ್ತ ಹೊರಟಳು. ಬಸ್ ಸ್ಟಾಪು, ಹಾಲಿನ ಬೂತು, ಹಿಟ್ಟಿನ ಗಿರಣಿ, ಹೊಂಗೆ ಮರದ ಮೂಲೆ, ಅಲ್ಲಿಂದ ಎಡಕ್ಕೆ, ಖಾಲಿ ಸೈಟು, ಹಸಿರು ಗೇಟಿನ ಮನೆ. ನಡುವೆ ನಾನು ಬಾಯಿ ಹಾಕಿ "ಗಿರಣಿಗಿಂತ ಮುಂಚೆ ಔಷಧಿ ಅಂಗಡಿ ಇತ್ತಲ್ವಾ?" ಎಂದೆ. ಬೆರಳು ನಿಂತಿತು. "ನೋಡು, ತಪ್ಪಿಸಿಬಿಟ್ಟೆ. ಮೊದಲಿಂದ ಬರ್ತೀನಿ" ಎಂದು ಮತ್ತೆ ಬಸ್ ಸ್ಟಾಪಿಗೆ ಹೋದಳು.

ಆ 'ಮೊದಲಿಂದ ಬರ್ತೀನಿ' ನನ್ನನ್ನು ಬಹಳ ದಿನ ಕಾಡಿತು. ಅಮ್ಮನ ತಲೆಯಲ್ಲಿ ಆ ಬೀದಿ ಪಟದಂತೆ ತೂಗುಹಾಕಿರಲಿಲ್ಲ. ಹೂವಿನ ಮಾಲೆಯಂತೆ ಒಂದಕ್ಕೊಂದು ಕಟ್ಟಿಕೊಂಡಿತ್ತು. ಒಂದು ತುದಿ ಹಿಡಿದು ಎಳೆದರೆ ಉಳಿದದ್ದು ಸರಣಿಯಾಗಿ ಬರುತ್ತಿತ್ತು. ಮಗ್ಗಿ, ದೇವರನಾಮ, ಅಡುಗೆಯ ವಿಧಾನ, ಊರಿಗೆ ಹೋಗುವ ದಾರಿ, ಯಾವುದನ್ನೇ ತೆಗೆದುಕೊಳ್ಳಿ, ನಮ್ಮ ನೆನಪುಗಳಲ್ಲಿ ಬಹುಪಾಲು ಹೀಗೆ ಸಾಲಾಗಿಯೇ ಇವೆ. ಈ ಸಾಲನ್ನು ಮಿದುಳು ಹೇಗೆ ಕಟ್ಟುತ್ತದೆ?

ಪ್ರಶ್ನೆ ಕಾಣುವುದಕ್ಕಿಂತ ಕಠಿಣವಾದದ್ದು. ಎರಡು ನರಕೋಶಗಳ ನಡುವಿನ ಸಂಪರ್ಕ ಬಲವಾದಾಗ ನೆನಪು ಮೂಡುತ್ತದೆ ಎಂಬುದು ಇಂದು ಬಹುತೇಕ ಒಪ್ಪಿತವಾದ ಮಾತು. ಆದರೆ ಆ ಸಂಪರ್ಕ ಬಲವಾಗಲು ಒಂದು ಕಟ್ಟುನಿಟ್ಟಿನ ಷರತ್ತಿದೆ. 1998ರಲ್ಲಿ ಗುವೊಚಿಯಾಂಗ್ ಬಿ ಮತ್ತು ಮು-ಮಿಂಗ್ ಪೂ ಎಂಬ ವಿಜ್ಞಾನಿಗಳು ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಮೇಲೆ ಪ್ರಯೋಗ ನಡೆಸಿ ಅದನ್ನು ತೋರಿಸಿದರು. ಮೊದಲ ಕೋಶ ಮಿಡಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಎರಡನೆಯದು ಮಿಡಿದರೆ ಸಂಪರ್ಕ ಬಲಗೊಳ್ಳುತ್ತದೆ. ಕ್ರಮ ತಿರುಗುಮುರುಗಾದರೆ ದುರ್ಬಲವಾಗುತ್ತದೆ. ತಡವಾದರೆ ಏನೂ ಆಗುವುದಿಲ್ಲ. 20 ಮಿಲಿಸೆಕೆಂಡು ಎಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ, ರೆಪ್ಪೆ ಮಿಟುಕಿಸುವುದಕ್ಕೂ ಸಾಲದ ಹೊತ್ತು. ಹಾಲಿನ ಬೂತಿನಿಂದ ಗಿರಣಿಗೆ ನಡೆಯಲು ಅಮ್ಮನಿಗೆ ಎರಡು ನಿಮಿಷ ಬೇಕಿತ್ತು. ಎರಡು ನಿಮಿಷ ದೂರವಿರುವ ಎರಡು ಹೂಗಳನ್ನು ಐವತ್ತನೇ ಒಂದು ಸೆಕೆಂಡು ಉದ್ದದ ದಾರ ಹೇಗೆ ಕಟ್ಟೀತು?

ಉತ್ತರ ಇರುವುದು ಮಿದುಳಿನ ಲಯದಲ್ಲಿ.

ಮಿದುಳಿಗೆ ಲಯವಿದೆ ಎಂದು ಮನುಷ್ಯರಲ್ಲಿ ಮೊದಲು ಕಂಡವರು ಜರ್ಮನಿಯ ಯೆನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಮೊದಲ ದಾಖಲೆ ತೆಗೆದರು. ಐದು ವರ್ಷ ತಮ್ಮನ್ನೇ ತಾವು ಅನುಮಾನಿಸುತ್ತ ಕೂತು, 1929ರಲ್ಲಿ ಪ್ರಕಟಿಸಿದರು. ತಲೆಬುರುಡೆಯ ಮೇಲಿಟ್ಟ ತಂತಿಗಳಲ್ಲಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಅಲೆ ಸಿಕ್ಕಿತು. ಕಣ್ಣು ಮುಚ್ಚಿದರೆ ಅಲೆ ದೊಡ್ಡದಾಗುತ್ತಿತ್ತು, ತೆರೆದರೆ ಅಡಗುತ್ತಿತ್ತು. ಈ ಅಲೆಗಳ ಎತ್ತರ ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ ವೋಲ್ಟೇಜನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ಅಷ್ಟು ಕ್ಷೀಣವಾದದ್ದು ಹೊರಗೆ ಕಾಣಿಸುವುದೂ ಒಂದು ಕಾರಣಕ್ಕೆ. ಮಿದುಳಿನ ಹೊರಪದರದಲ್ಲಿ ಪಿರಮಿಡ್ ಆಕಾರದ ನರಕೋಶಗಳು ಅಡಿಕೆ ತೋಟದ ಮರಗಳಂತೆ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತಿವೆ. ಸಾವಿರಾರು ಕೋಶಗಳಿಗೆ ಏಕಕಾಲಕ್ಕೆ ಕರೆಂಟು ಹರಿದಾಗ ಅವೆಲ್ಲ ಕೂಡಿಕೊಂಡು ಅಲೆಯಾಗುತ್ತದೆ. ಒಂದೊಂದೂ ತನಗಿಷ್ಟ ಬಂದ ಹೊತ್ತಿಗೆ ಮಿಡಿದರೆ ಒಂದನ್ನೊಂದು ಅಳಿಸಿಹಾಕಿ ಹೊರಗೆ ಏನೂ ಕೇಳಿಸುವುದಿಲ್ಲ. ಅಲೆ ಕಂಡಿತೆಂದರೆ ಒಳಗೆ ಕೋಶಗಳು ಹೊತ್ತು ಹೊಂದಿಸಿಕೊಂಡಿವೆ ಎಂದರ್ಥ.

ನೆನಪಿನ ಲಯಕ್ಕೆ ಬರಬೇಕಾದರೆ ಹೊರಪದರ ಬಿಟ್ಟು ಒಳಗೆ, ಕಿವಿಯ ಮಟ್ಟದಲ್ಲಿ ಎರಡೂ ಕಡೆ ಹುದುಗಿರುವ ಹಿಪ್ಪೊಕ್ಯಾಂಪಸ್‌ಗೆ ಇಳಿಯಬೇಕು. ಕಡಲಕುದುರೆಯ ಆಕಾರದ್ದು, ಹೆಸರೂ ಅದರಿಂದಲೇ ಬಂದದ್ದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳರ ಯುವಕನ ಅಪಸ್ಮಾರ ಹತೋಟಿಗೆ ತರಲು ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಆಮೇಲೆ 2008ರಲ್ಲಿ ತೀರಿಕೊಳ್ಳುವತನಕ ಅವನಿಗೆ ಹೊಸ ಘಟನೆಯೊಂದೂ ನೆನಪಿನಲ್ಲಿ ನಿಲ್ಲಲಿಲ್ಲ ಎಂದೇ ಹೇಳಬೇಕು. ದಶಕಗಳ ಕಾಲ ತನ್ನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವನಿಗೆ ಹೊಸಬರೇ. ಹಿಪ್ಪೊಕ್ಯಾಂಪಸ್ ಏನು ಮಾಡುತ್ತದೆಂಬ ನಮ್ಮ ತಿಳಿವಳಿಕೆಯ ಬುಡದಲ್ಲಿ ಈ ಮನುಷ್ಯನ ಐವತ್ತೈದು ವರ್ಷಗಳ ನಷ್ಟವಿದೆ; ಅದನ್ನು ನೆನೆಯದೆ ಮುಂದೆ ಹೋಗುವುದು ತಪ್ಪಾಗುತ್ತದೆ.

ಈ ಹಿಪ್ಪೊಕ್ಯಾಂಪಸ್‌ನ ಮುಖ್ಯ ಲಯವೇ ಥೀಟಾ. 1938ರಲ್ಲಿ ಯುಂಗ್ ಮತ್ತು ಕೊರ್ನ್‌ಮ್ಯುಲ್ಲರ್ ಮೊಲದಲ್ಲಿ ಇದನ್ನು ಕಂಡರು. ಇಲಿಯಲ್ಲಿ ಸೆಕೆಂಡಿಗೆ ಆರರಿಂದ ಹತ್ತು ಸುತ್ತು, ಸರಾಸರಿ ಎಂಟು ಎಂದಿಟ್ಟುಕೊಳ್ಳಿ. ಇಲಿ ಕೂತಿದ್ದರೆ ಈ ಲಯ ಇರುವುದಿಲ್ಲ, ಎದ್ದು ನಡೆದರೆ ಶುರುವಾಗುತ್ತದೆ. ಮನುಷ್ಯರಲ್ಲಿ ಇನ್ನೂ ನಿಧಾನ, ಒಂದೇ ಸಮನೆ ನಡೆಯದೆ ಬಿಟ್ಟು ಬಿಟ್ಟು ಬರುತ್ತದೆ. ಆದರೂ ಅದು ನೆನಪಿಗೆ ಬೇಕಾದದ್ದೇ. 2010ರಲ್ಲಿ ಉಯೇಲಿ ರುಟಿಶಾವ್ಸರ್ ತಂಡ ಚಿಕಿತ್ಸೆಗಾಗಿ ಮಿದುಳಿನೊಳಗೆ ತಂತಿ ಇಳಿಸಿಕೊಂಡಿದ್ದ ಅಪಸ್ಮಾರದ ರೋಗಿಗಳಿಗೆ ಚಿತ್ರಗಳನ್ನು ತೋರಿಸಿ ನೋಡಿತು. ನರಕೋಶಗಳು ಥೀಟಾದ ಹೊತ್ತಿಗೆ ಸರಿಯಾಗಿ ಮಿಡಿದಾಗ ಕಂಡ ಚಿತ್ರಗಳು ಮುಂದೆ ಚೆನ್ನಾಗಿ ನೆನಪಾದವು. ಕೋಶ ಎಷ್ಟು ಸಲ ಮಿಡಿಯಿತು ಎಂಬುದಕ್ಕಿಂತ ಯಾವ ಹೊತ್ತಿಗೆ ಮಿಡಿಯಿತು ಎಂಬುದು ಅಲ್ಲಿ ಲೆಕ್ಕಕ್ಕೆ ಬಂತು.

ಈ ತಾಳ ಹಾಕುವವರು ಯಾರು?

ಮೊದಲು ಸಿಕ್ಕ ಉತ್ತರ ಸರಳವಾಗಿತ್ತು. ಮಿದುಳಿನ ನಡುಮಧ್ಯದಲ್ಲಿ ಮೀಡಿಯಲ್ ಸೆಪ್ಟಮ್ ಎಂಬ ಪುಟ್ಟ ಭಾಗವಿದೆ. ಅಲ್ಲಿನ ಕೋಶಗಳು ಥೀಟಾದ ವೇಗದಲ್ಲಿ ಗುಂಪು ಗುಂಪಾಗಿ ಮಿಡಿಯುತ್ತವೆ. 1978ರಲ್ಲಿ ಜೊನಾಥನ್ ವಿನ್ಸನ್ ಇಲಿಗಳಲ್ಲಿ ಆ ಭಾಗವನ್ನು ಹಾಳುಗೆಡವಿದಾಗ ಥೀಟಾ ನಿಂತಿತು, ಇಲಿಗಳು ಕಲಿತಿದ್ದ ಜಾಗದ ಗುರುತನ್ನೂ ಕಳೆದುಕೊಂಡವು. ಈ ತಾಳಗಾರನ ರೀತಿ ಮಾತ್ರ ವಿಶಿಷ್ಟ. ಸೆಪ್ಟಮ್‌ನಿಂದ ಹೊರಡುವ ಹಲವು ತಂತುಗಳು ಹಿಪ್ಪೊಕ್ಯಾಂಪಸ್‌ನ ಮುಖ್ಯ ಕೋಶಗಳನ್ನು ಮುಟ್ಟುವುದೇ ಇಲ್ಲ. ಅವುಗಳನ್ನು ತಡೆಹಿಡಿದಿರುವ ಕಾವಲು ಕೋಶಗಳನ್ನು ಮುಟ್ಟಿ ಅವನ್ನು ಸುಮ್ಮನಾಗಿಸುತ್ತವೆ. ಕಾವಲು ಸಡಿಲವಾದ ಕ್ಷಣದಲ್ಲಿ ಮುಖ್ಯ ಕೋಶಗಳಿಗೆ ಮಿಡಿಯುವ ಅವಕಾಶ, ಕಾವಲು ಬಿಗಿಯಾದಾಗ ಮೌನ. ಸೆಕೆಂಡಿಗೆ ಎಂಟು ಬಾರಿ ಬಾಗಿಲು ತೆರೆದು ಮುಚ್ಚಿದಂತೆ. ಲಯ ಹುಟ್ಟುವುದು ತಳ್ಳುವುದರಿಂದ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಮಿದುಳಿನಲ್ಲಿ ಅದು ಹೆಚ್ಚಾಗಿ ಹುಟ್ಟುವುದು ತಡೆಯುವುದರಿಂದ ಮತ್ತು ತಡೆಯನ್ನು ಸರಿಯಾದ ಹೊತ್ತಿಗೆ ಬಿಡುವುದರಿಂದ.

ಆದರೆ 2009ರಲ್ಲಿ ಈ ಸರಳ ಚಿತ್ರ ಕದಡಿತು. ರೊಮೆಯ್ನ್ ಗುಟಾನ್ಯಿ, ಜೆಸ್ಸಿ ಜಾಕ್ಸನ್, ಸಿಲ್ವೇನ್ ವಿಲಿಯಮ್ಸ್ ಇಲಿಯ ಹಿಪ್ಪೊಕ್ಯಾಂಪಸನ್ನು ಇಡಿಯಾಗಿ ಹೊರತೆಗೆದು, ಪೋಷಕ ದ್ರವದಲ್ಲಿಟ್ಟು ನೋಡಿದರು. ಸೆಪ್ಟಮ್ ಇಲ್ಲ, ಹೊರಗಿನ ಯಾವ ಸಂಪರ್ಕವೂ ಇಲ್ಲ. ಆದರೂ ಅದು ತಾನಾಗಿಯೇ ಥೀಟಾ ಲಯದಲ್ಲಿ ಮಿಡಿಯಿತು. ಅಂದರೆ ತಾಳ ಹಾಕುವವನು ಎದ್ದು ಹೋದ ಮೇಲೂ ಸಭೆಯ ಕೈಗಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದವು. ಹಾಗಾದರೆ ಲಯದ ಒಲವು ಹಿಪ್ಪೊಕ್ಯಾಂಪಸ್‌ನೊಳಗೇ, ಬಹುಶಃ ಅದರ ಕೋಶಗಳಲ್ಲೇ ಇರಬೇಕು.

ಇಲ್ಲಿಂದ ಕಥೆ ನಮ್ಮ ಊರಿಗೆ ಬರುತ್ತದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಮಲ್ಲೇಶ್ವರದ ಕಡೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದಲ್ಲಿ ರಿಷಿಕೇಶ್ ನಾರಾಯಣನ್ ಎಂಬ ವಿಜ್ಞಾನಿ ಒಂದೊಂದು ನರಕೋಶದೊಳಗಿನ ಲಯದ ಒಲವನ್ನೇ ವರ್ಷಗಟ್ಟಲೆ ಬೆನ್ನು ಹತ್ತಿದ್ದಾರೆ. ಅವರ ಕೆಲಸ ಅರ್ಥವಾಗಬೇಕಾದರೆ ನರಕೋಶದ ಪೊರೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ನರಕೋಶದ ಒಳಗು ಹೊರಗಿಗಿಂತ ಸುಮಾರು 65ರಿಂದ 70 ಮಿಲಿವೋಲ್ಟಿನಷ್ಟು ಋಣ. ಪೊರೆಯಲ್ಲಿ ಅಯಾನುಗಳು ಹಾದುಹೋಗುವ ಸಣ್ಣ ಬಾಗಿಲುಗಳಿವೆ. ಬೇರೆ ಕೋಶಗಳಿಂದ ಬರುವ ಸಂಕೇತಗಳು ಒಳಗಿನ ವೋಲ್ಟೇಜನ್ನು ಮೇಲೆ ಕೆಳಗೆ ಆಡಿಸುತ್ತವೆ. ಒಂದು ಮಟ್ಟ ದಾಟಿದರೆ ಸೋಡಿಯಂ ಬಾಗಿಲುಗಳು ಒಮ್ಮೆಲೇ ತೆರೆದು ಕೋಶ ಮಿಡಿಯುತ್ತದೆ. ಆ ಮಿಡಿತದ ಆಯುಷ್ಯ ಸುಮಾರು ಒಂದು ಮಿಲಿಸೆಕೆಂಡು. ಇಷ್ಟು ಪಠ್ಯಪುಸ್ತಕದಲ್ಲೂ ಇದೆ.

ಈಗ ಕೋಶಕ್ಕೆ ಏರಿಳಿಯುವ ಕರೆಂಟನ್ನು, ಮೊದಲು ತೀರ ನಿಧಾನವಾಗಿ, ಆಮೇಲೆ ವೇಗ ಹೆಚ್ಚಿಸುತ್ತ ಕೊಡುತ್ತ ಹೋಗಿ. ಪ್ರಯೋಗಾಲಯದಲ್ಲಿ ಮಾಡುವುದು ಇದನ್ನೇ. ತೀರ ವೇಗದ ಏರಿಳಿತಕ್ಕೆ ಕೋಶ ಓಗೊಡುವುದಿಲ್ಲ. ಪೊರೆಗೆ ವಿದ್ಯುತ್ತನ್ನು ತುಂಬಿಕೊಳ್ಳಲು ಹೊತ್ತು ಬೇಕು. ಸಂಪು ತುಂಬುವುದರೊಳಗೆ ಕಾವೇರಿ ನೀರು ನಿಂತುಹೋದ ಹಾಗೆ, ವೋಲ್ಟೇಜ್ ಏರುವುದರೊಳಗೆ ಕರೆಂಟು ತಿರುಗಿ ಹೋಗಿರುತ್ತದೆ. ಹಾಗಾದರೆ ತೀರ ನಿಧಾನದ ಏರಿಳಿತಕ್ಕೆ ಚೆನ್ನಾಗಿ ಓಗೊಡಬೇಕಲ್ಲ? ಅಲ್ಲಿಯೇ ಎಚ್‌ಸಿಎನ್ ಎಂಬ ಬಾಗಿಲುಗಳು ಅಡ್ಡಬರುತ್ತವೆ. ಬೇರೆ ಬಹುತೇಕ ಬಾಗಿಲುಗಳು ವೋಲ್ಟೇಜ್ ಏರಿದಾಗ ತೆರೆದರೆ ಇವು ಇಳಿದಾಗ ತೆರೆಯುತ್ತವೆ, ತೆರೆದು ಧನ ಅಯಾನುಗಳನ್ನು ಒಳಗೆ ಬಿಟ್ಟು ವೋಲ್ಟೇಜನ್ನು ಮತ್ತೆ ಮೇಲೆತ್ತುತ್ತವೆ. ವೋಲ್ಟೇಜ್ ಏರಿದಾಗ ಮುಚ್ಚಿಕೊಂಡು ಕೆಳಗಿಳಿಸುತ್ತವೆ. ಅಂದರೆ ಯಾವ ಬದಲಾವಣೆಯನ್ನೂ ವಿರೋಧಿಸುವ ಸ್ವಭಾವ. ಆದರೆ ಅವುಗಳ ನಡೆ ನಿಧಾನ. ಏರಿಳಿತ ಮಂದವಾಗಿದ್ದರೆ ಮಾತ್ರ ಅವಕ್ಕೆ ಎದ್ದು ತಡೆಯಲು ಪುರುಸೊತ್ತು.

ಹೀಗೆ ಎರಡು ಜರಡಿಗಳಾದವು. ವೇಗದ್ದನ್ನು ಪೊರೆ ಹಿಡಿಯಿತು, ಮಂದವಾದದ್ದನ್ನು ಎಚ್‌ಸಿಎನ್ ಹಿಡಿಯಿತು. ಎರಡರಿಂದಲೂ ತಪ್ಪಿಸಿಕೊಂಡು ಕೋಶವನ್ನು ಚೆನ್ನಾಗಿ ಆಡಿಸುವುದು ನಡುವಿನ ವೇಗ ಮಾತ್ರ. ಹಿಪ್ಪೊಕ್ಯಾಂಪಸ್‌ನ ಪಿರಮಿಡ್ ಕೋಶಗಳಲ್ಲಿ ಆ ನಡುವಿನ ವೇಗ ಬಂದು ನಿಲ್ಲುವುದು ಥೀಟಾದ ವ್ಯಾಪ್ತಿಯಲ್ಲಿ! ಉಯ್ಯಾಲೆಯನ್ನು ಅದರ ಓಘಕ್ಕೆ ತಕ್ಕಂತೆ ಒಂದು ಬೆರಳಿನಲ್ಲಿ ತಳ್ಳಿದರೂ ಅದು ಮೇಲೇರುತ್ತದೆ, ಓಘ ತಪ್ಪಿಸಿ ಎರಡು ಕೈಯಲ್ಲಿ ತಳ್ಳಿದರೂ ಏರುವುದಿಲ್ಲ. ನರಕೋಶವೂ ತನ್ನದೇ ಓಘವಿರುವ ಒಂದು ಉಯ್ಯಾಲೆ. ಇದೇ ಎಚ್‌ಸಿಎನ್ ಕುಟುಂಬದ ಬಾಗಿಲುಗಳು ನಮ್ಮ ಹೃದಯದ ಬಡಿತವನ್ನು ಶುರುಮಾಡುವ ಕೋಶಗಳಲ್ಲೂ ಇವೆ. ಎದೆಯ ಲಯಕ್ಕೂ ನೆನಪಿನ ಲಯಕ್ಕೂ ಒಂದೇ ಮನೆತನದ ಪ್ರೋಟೀನು ದುಡಿಯುತ್ತಿದೆ ಎಂದು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಾರಾಯಣನ್ ಅಮೆರಿಕದ ಆಸ್ಟಿನ್‌ನಲ್ಲಿ ಡೇನಿಯಲ್ ಜಾನ್‌ಸ್ಟನ್ ಜೊತೆ 2007ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಲಿಕೆಯಾದಾಗ ಎರಡು ಕೋಶಗಳ ಸಂಪರ್ಕ ಬಲವಾಗುತ್ತದೆ ಎಂಬುದು ಹಳೆಯ ಮಾತು. ಅವರು ಕಂಡದ್ದು ಅದರಾಚೆಯದು. ಸಂಪರ್ಕ ಬಲಗೊಂಡಾಗ ಕೋಶದ ಓಘವೇ ಬದಲಾಯಿತು, ಅದು ಒಲಿಯುವ ವೇಗ ಮೇಲಕ್ಕೆ ಸರಿಯಿತು. ಅದೂ ಸಂಪರ್ಕದ ಜಾಗದಲ್ಲಷ್ಟೇ ಅಲ್ಲದೆ ಕವಲುಗಳ ಉದ್ದಕ್ಕೂ. ತಂಬೂರಿಯ ಒಂದು ತಂತಿ ಮೀಟಿದ ಮಾತ್ರಕ್ಕೆ ವಾದ್ಯದ ಶ್ರುತಿಯೇ ಏರಿತು ಎಂದು ಊಹಿಸಿಕೊಳ್ಳಿ. ಬೆಂಗಳೂರಿಗೆ ಬಂದ ಮೇಲೆ ಅವರ ಪ್ರಯೋಗಾಲಯದಿಂದ 2015ರಲ್ಲಿ ಬಂದ ಇನ್ನೊಂದು ಪ್ರಬಂಧ, ಕಂಪ್ಯೂಟರಿನಲ್ಲಿ ಕಟ್ಟಿದ ನರಕೋಶಗಳ ಮಾದರಿಯಲ್ಲಿ, ಎಚ್‌ಸಿಎನ್ ಬಾಗಿಲುಗಳಿದ್ದರೆ ಕೋಶಗಳ ಮಿಡಿತಗಳು ಥೀಟಾದ ವ್ಯಾಪ್ತಿಯಲ್ಲಿ ಹೆಚ್ಚು ಒಗ್ಗಟ್ಟಾಗುತ್ತವೆ, ಮಿಡಿತದ ಹೊತ್ತೂ ಹೊರಗೆ ಕಾಣುವ ಅಲೆಯ ಹೊತ್ತೂ ಸರಿಯುತ್ತವೆ ಎಂದು ತೋರಿಸಿತು. ನಾವು ತಂತಿಯಿಂದ ಅಳೆಯುವ ಅಲೆಯಲ್ಲಿ ಹೊರಗಿನಿಂದ ಬಂದ ಸಂಕೇತದ ಜೊತೆ ಕೋಶದ ಸ್ವಂತ ಬಾಗಿಲುಗಳ ಸಹಿಯೂ ಇರುತ್ತದೆ ಎಂಬುದು ಆ ಕೆಲಸದ ತಿರುಳು.

ಇನ್ನು ತಾಳದೊಳಗಿನ ಎಣಿಕೆ. ಸಂಗೀತ ಪಾಠಕ್ಕೆ ಹೋದವರಿಗೆ ತಾಳ ಬೇರೆ, ನಡೆ ಬೇರೆ ಎಂದು ಗೊತ್ತು. ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ ಹೋಗುವುದರೊಳಗೆ 'ತಕಧಿಮಿ' ಎಂದು ನಾಲ್ಕು ಎಣಿಸಬಹುದು, 'ತಕತಕಿಟ' ಎಂದು ಐದು ಎಣಿಸಬಹುದು, 'ತಕಿಟತಕಧಿಮಿ' ಎಂದು ಏಳು. ಹಿಪ್ಪೊಕ್ಯಾಂಪಸ್‌ನಲ್ಲಿ ಥೀಟಾ ತಾಳದ ಪೆಟ್ಟಾದರೆ, ಅದರೊಳಗಿನ ಎಣಿಕೆ ಗಾಮಾ ಲಯ. ಸೆಕೆಂಡಿಗೆ 30ರಿಂದ 80ರವರೆಗೆ. ಇದನ್ನು ಹುಟ್ಟಿಸುವುದು ಬುಟ್ಟಿ ಕೋಶಗಳು ಎಂಬ ಅತಿ ವೇಗದ ಕಾವಲುಗಾರರು. ಮುಖ್ಯ ಕೋಶಗಳು ಮಿಡಿದು ಬುಟ್ಟಿ ಕೋಶಗಳನ್ನು ಎಬ್ಬಿಸುತ್ತವೆ. ಬುಟ್ಟಿ ಕೋಶಗಳು ಎಲ್ಲರನ್ನೂ ಒಮ್ಮೆಲೇ ಸುಮ್ಮನಾಗಿಸುತ್ತವೆ. ಆ ತಡೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಕರಗುತ್ತದೆ, ಎಲ್ಲರಿಗೂ ಒಟ್ಟಿಗೇ ಕರಗುವುದರಿಂದ ಎಲ್ಲರೂ ಒಟ್ಟಿಗೇ ಮತ್ತೆ ಸಿದ್ಧರಾಗುತ್ತಾರೆ. 2009ರಲ್ಲಿ ಎರಡು ತಂಡಗಳು ಇಲಿಗಳ ಹೊರಪದರದಲ್ಲಿರುವ ಇಂಥ ಕೋಶಗಳನ್ನು ಮಾತ್ರ ಬೆಳಕಿನಿಂದ ಆಡಿಸಿ, ಗಾಮಾ ಏಳುವುದಕ್ಕೆ ಅವೇ ಕಾರಣವೆಂದು ನೇರವಾಗಿ ತೋರಿಸಿದವು.

ಈಗ ಅಮ್ಮನ ಬೀದಿಗೆ ವಾಪಸ್ಸು ಬರೋಣ. ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಕೋಶಗುಂಪು ಮಿಡಿಯುತ್ತದೆ ಎಂದು ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೋವ್ಸ್ಕಿ 1971ರಲ್ಲಿ ಕಂಡರು. ಈ ದಾರಿಯ ಕೆಲಸಕ್ಕೆ ಓಕೀಫ್ ಅವರಿಗೆ, ಮೋಸರ್ ದಂಪತಿಗಳ ಜೊತೆ, 2014ರ ನೊಬೆಲ್ ಬಂತು. ಅದಕ್ಕಿಂತ ಸೂಕ್ಷ್ಮವಾದದ್ದನ್ನು ಅವರು ಮೈಕೆಲ್ ರೆಚ್ಚೆ ಜೊತೆ 1993ರಲ್ಲಿ ಪ್ರಕಟಿಸಿದ್ದರು. ಇಲಿ ಒಂದು ಜಾಗವನ್ನು ಹೊಕ್ಕಾಗ ಆ ಜಾಗದ ಕೋಶ ಥೀಟಾ ಸುತ್ತಿನ ಕೊನೆಯಲ್ಲಿ ಮಿಡಿಯುತ್ತದೆ. ಮುಂದೆ ಮುಂದೆ ನಡೆದಂತೆ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಮುಂಚಿತವಾಗಿ.

ಇದರ ಪರಿಣಾಮವನ್ನು ಮೆಟ್ರೋ ನಿಲ್ದಾಣಗಳಿಟ್ಟು ಹೇಳುತ್ತೇನೆ. ಹೋಲಿಕೆಯಷ್ಟೇ, ಇಲಿಯ ಜಾಗಗಳು ಕೆಲವು ಅಡಿಗಳೊಳಗಿನವು. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ, ಸಿಟಿ ರೈಲು ನಿಲ್ದಾಣ, ಮೆಜೆಸ್ಟಿಕ್. ರೈಲು ಹೊಸಹಳ್ಳಿಯಲ್ಲಿದೆ ಎನ್ನಿ. ಆಗಿನ ಪ್ರತಿಯೊಂದು ಥೀಟಾ ಸುತ್ತಿನ ಆರಂಭದಲ್ಲಿ, ಈಗಷ್ಟೇ ಬಿಟ್ಟುಬಂದ ವಿಜಯನಗರದ ಕೋಶಗಳು, ನಡುವೆ ಹೊಸಹಳ್ಳಿಯವು, ಕೊನೆಗೆ ಇನ್ನೂ ಬರಬೇಕಾದ ಮಾಗಡಿ ರಸ್ತೆಯವು, ಹೀಗೆ ಕ್ರಮವಾಗಿ ಮಿಡಿಯುತ್ತವೆ. ರೈಲಿಗೆ ನಿಮಿಷಗಳು ಬೇಕಾದ ದಾರಿ, ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಮುಗಿಯಿತು. ಈ ಸಾಲಿನಲ್ಲಿ ಒಂದರ ಬೆನ್ನಿಗೊಂದು ಬರುವ ಕೋಶಗಳ ನಡುವೆ ಬರೀ ಹತ್ತಿಪ್ಪತ್ತು ಮಿಲಿಸೆಕೆಂಡಿನ ಅಂತರ. ಬಿ ಮತ್ತು ಪೂ ಹೇಳಿದ ಷರತ್ತು ಇಲ್ಲಿ ಪೂರೈಸಿತು! ಕ್ರಮವೂ ಸರಿಯಿದೆ, ಅಂತರವೂ ಸರಿಯಿದೆ, ದಾರ ಸಾಲುತ್ತದೆ. ಥೀಟಾ ಮಾಡುವ ಕೆಲಸ ಇದು. ಕಾಲಿನ ನಡಿಗೆಯನ್ನು ಸಂಪರ್ಕಗಳಿಗೆ ಅರ್ಥವಾಗುವ ಚಿಕ್ಕ ಕಾಲದೊಳಕ್ಕೆ ಮಡಿಚಿ, ಸೆಕೆಂಡಿಗೆ ಎಂಟು ಸಲ ಪಾಠ ಒಪ್ಪಿಸುತ್ತದೆ. ಗಾಮಾದ ಒಂದು ಸುತ್ತು ಕೂಡ ಸರಿಸುಮಾರು 20-25 ಮಿಲಿಸೆಕೆಂಡಿನದು. ಒಂದೊಂದು ಎಣಿಕೆಯಲ್ಲಿ ಒಂದೊಂದು ವಿಷಯ ಕೂರುತ್ತದೆ. ಒಂದು ಥೀಟಾ ಸುತ್ತಿನಲ್ಲಿ ಐದಾರೋ ಏಳೋ ಗಾಮಾ ಹಿಡಿಸುತ್ತವೆ. ನಾವು ಒಂದೇ ಸಲಕ್ಕೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲ ಸಂಗತಿಗಳ ಸಂಖ್ಯೆ ಏಳರ ಆಸುಪಾಸು ಇರುವುದು ಇದರಿಂದಲೇ ಇರಬಹುದು ಎಂದು ಜಾನ್ ಲಿಸ್ಮನ್ ಮತ್ತು ಮಾರ್ಕೊ ಇಡಿಯಾರ್ಟ್ 1995ರಲ್ಲಿ ಸೂಚಿಸಿದರು. ಇದು ಇನ್ನೂ ಊಹೆಯೇ. ಆದರೆ ಅಂದವಾದ ಊಹೆ, ಮೂರು ದಶಕ ಬಾಳಿದೆ.

ಲಯದ ಲೆಕ್ಕ ವಯಸ್ಸಾದವರಲ್ಲಿ ಏನಾಗುತ್ತದೆ? ಇದಕ್ಕೂ ನಮ್ಮ ಊರಿನಲ್ಲೇ ಉತ್ತರ ಹುಡುಕುತ್ತಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಬೆಂಗಳೂರಿನ ಹಿರಿಯರನ್ನೂ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನೂ ವರ್ಷಾನುಗಟ್ಟಲೆ ಬಿಡದೆ ಪರೀಕ್ಷಿಸುತ್ತ ಬಂದಿದೆ. ಸಂಸ್ಥೆಯ ನರವಿಜ್ಞಾನ ಕೇಂದ್ರದ ಸುಪ್ರತಿಮ್ ರೇ ತಂಡ ಬೆಂಗಳೂರಿನ ಐವತ್ತು ದಾಟಿದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಪರದೆಯ ಮುಂದೆ ಕೂರಿಸಿ, ಕಪ್ಪು ಬಿಳುಪು ಪಟ್ಟೆಗಳನ್ನು ತೋರಿಸಿ, ತಲೆಯ ಮೇಲಿನ ತಂತಿಗಳಿಂದ ಗಾಮಾ ಅಳೆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರೋಗ್ಯವಂತರಲ್ಲೂ ವಯಸ್ಸು ಏರಿದಂತೆ ಈ ಗಾಮಾ ಕುಗ್ಗುತ್ತದೆ. ಮರುವರ್ಷ ಪ್ರಕಟವಾದದ್ದು ಇನ್ನೂ ಗಂಭೀರ. ನೆನಪಿನ ಶಕ್ತಿ ಕ್ಷೀಣಿಸತೊಡಗಿದವರಲ್ಲಿ ಮತ್ತು ಅಲ್ಝೈಮರ್ ಆರಂಭದಲ್ಲಿದ್ದವರಲ್ಲಿ, ಅದೇ ವಯಸ್ಸಿನ ಆರೋಗ್ಯವಂತರಿಗಿಂತಲೂ ಗಾಮಾ ದುರ್ಬಲವಾಗಿತ್ತು. ಅಂಥವರ ಸಂಖ್ಯೆ ಚಿಕ್ಕದಿತ್ತು, ಅಳೆದದ್ದು ನೋಟದ ಭಾಗದ ಗಾಮಾ, ಹಿಪ್ಪೊಕ್ಯಾಂಪಸ್‌ನದ್ದಲ್ಲ. ಇವೆರಡನ್ನೂ ಮರೆಯಬಾರದು. ಆದರೂ ಸೂಜಿ ಚುಚ್ಚದೆ, ದುಬಾರಿ ಸ್ಕ್ಯಾನ್ ಇಲ್ಲದೆ, ಕಾಯಿಲೆಯ ಮುನ್ಸೂಚನೆ ಸಿಗುವ ದಾರಿಯೊಂದು ಕಾಣಿಸಿದೆ. ನಮ್ಮಂಥ ದೇಶಕ್ಕೆ ಅದು ದೊಡ್ಡ ವಿಷಯ.

ಈ ಸುದ್ದಿಗಳ ಬೆನ್ನಲ್ಲೇ ವ್ಯಾಪಾರವೂ ಬಂದಿದೆ. ನೆನಪು ಹೆಚ್ಚಿಸುವ ಥೀಟಾ ಸಂಗೀತ, ಸೆಕೆಂಡಿಗೆ ನಲವತ್ತು ಸಲ (40 ಹರ್ಟ್ಸ್) ಮಿನುಗುವ ದೀಪ, ಫೋನಿಗೆ ಹಾಕಿಕೊಳ್ಳುವ ಆ್ಯಪು. 2016ರಲ್ಲಿ ಅಮೆರಿಕದ ಲಿ-ಹುಯಿ ತ್ಸಾಯ್ ತಂಡ 40 ಹರ್ಟ್ಸ್ ಮಿನುಗುಬೆಳಕು ಇಲಿಗಳ ಮಿದುಳಿನಲ್ಲಿ ಅಲ್ಝೈಮರ್‌ನ ಕಲೆಗಳನ್ನು ಕಡಿಮೆ ಮಾಡಿತೆಂದು ವರದಿ ಮಾಡಿದ್ದು ನಿಜ. 2023ರಲ್ಲಿ ಗ್ಯೋರ್ಗಿ ಬುಜಾಕಿ ಪ್ರಯೋಗಾಲಯ ಅದನ್ನು ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ. ಮನುಷ್ಯರ ಮೇಲಿನ ಪರೀಕ್ಷೆಗಳ ತೀರ್ಪು ಬರುವವರೆಗೆ ಇವುಗಳಿಗೆ ಹಣ ಸುರಿಯುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಿದುಳಿನ ಲಯ ಕಾವಲು ಕೋಶಗಳ ಬಿಗಿ-ಸಡಿಲಿನಿಂದ, ಪೊರೆಯ ಬಾಗಿಲುಗಳ ನಿಧಾನದಿಂದ ಒಳಗಿನಿಂದ ಹುಟ್ಟುವಂಥದ್ದು. ಕಿವಿಗೆ ಎಂಟು ಪೆಟ್ಟು ಕೇಳಿಸಿದ ಮಾತ್ರಕ್ಕೆ ಒಳಗೆ ನೆನಪಿನ ಲಯವೂ ಕಟ್ಟಿಕೊಳ್ಳುತ್ತದೆ ಎನ್ನಲಾಗದು.

ಒಂದು ಲಯದ ವಿಷಯ ಉಳಿದಿದೆ. ಅದು ನಮ್ಮ ಕೈಯಲ್ಲೇ ಇರುವಂಥದ್ದು.

ಇಲಿ ನಡೆದಾಡಿ, ತಿಂದು, ಮಲಗುತ್ತದೆ. ಥೀಟಾ ನಿಲ್ಲುತ್ತದೆ. ಗಾಢ ನಿದ್ದೆಯಲ್ಲಿ ಮಿದುಳಿನ ಹೊರಪದರದಲ್ಲಿ ಸೆಕೆಂಡಿಗೆ ಒಂದಕ್ಕೂ ಕಡಿಮೆ ವೇಗದ ದೊಡ್ಡ ಅಲೆಗಳೇಳುತ್ತವೆ. ಅವುಗಳ ನಡುವೆ ಹಿಪ್ಪೊಕ್ಯಾಂಪಸ್‌ನಲ್ಲಿ ಆಗಾಗ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಬಾಳುವ, 150ರಿಂದ 250 ಹರ್ಟ್ಸ್ ವೇಗದ ಕಿರುದೆರೆಗಳು ಮಿಂಚುತ್ತವೆ. ಹಗಲು ಒಟ್ಟಿಗೆ ಮಿಡಿದಿದ್ದ ಜಾಗಕೋಶಗಳು ನಿದ್ದೆಯಲ್ಲೂ ಒಟ್ಟಿಗೆ ಮಿಡಿಯುತ್ತವೆ ಎಂದು 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಕಂಡುಹಿಡಿದರು. ಹಗಲಿನ ದಾರಿ ಕ್ರಮ ತಪ್ಪದೆ, ಹಲವು ಪಟ್ಟು ವೇಗದಲ್ಲಿ ಮರುಕಳಿಸುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಹಿಪ್ಪೊಕ್ಯಾಂಪಸ್ ಹಗಲು ಬರೆದುಕೊಂಡ ಕಚ್ಚಾ ಲೆಕ್ಕವನ್ನು ರಾತ್ರಿ ಹೊರಪದರದ ಪಕ್ಕಾ ಪುಸ್ತಕಕ್ಕೆ ಏರಿಸುತ್ತಿದೆ ಎಂಬ ವಿಚಾರವನ್ನು ಬುಜಾಕಿ 1989ರಲ್ಲೇ ಮುಂದಿಟ್ಟಿದ್ದರು. ಅದಕ್ಕೆ ಗಟ್ಟಿ ಸಾಕ್ಷಿ ಬಂದದ್ದು 2009ರಲ್ಲಿ. ಗೇಬ್ರಿಯೆಲ್ ಜಿರಾರ್ಡೊ ತಂಡ ಕಲಿಕೆಯ ನಂತರ ಮಲಗಿದ ಇಲಿಗಳನ್ನು ಎಬ್ಬಿಸದೆ, ಕಿರುದೆರೆ ಏಳುತ್ತಲೇ ಒಂದು ಸಣ್ಣ ವಿದ್ಯುತ್ ಪೆಟ್ಟಿನಿಂದ ಅದನ್ನಷ್ಟೇ ಅಳಿಸುತ್ತ ಹೋಯಿತು. ಇಲಿಗಳು ನಿದ್ದೆಯನ್ನೇನೋ ಮಾಡಿದವು, ಆದರೆ ಕಲಿಕೆಯಲ್ಲಿ ಹಿಂದೆ ಬಿದ್ದವು. ಅಷ್ಟೇ ಪೆಟ್ಟುಗಳನ್ನು ಕಿರುದೆರೆ ಇಲ್ಲದ ಹೊತ್ತಿನಲ್ಲಿ ಕೊಡಿಸಿಕೊಂಡ ಇಲಿಗಳಿಗೆ ಏನೂ ಆಗಲಿಲ್ಲ.

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಈ ಸಲ ದ್ವಿತೀಯ ಪಿಯುಸಿ. ರಾತ್ರಿ ಎರಡು ಗಂಟೆಗೆ ನೀರಿಗೆಂದು ಎದ್ದರೂ ಅವಳ ಕೋಣೆಯ ದೀಪ ಉರಿಯುತ್ತಿರುತ್ತದೆ. ಟ್ಯೂಷನ್ ಫಲಕಗಳು ತುಂಬಿದ ಈ ಬಡಾವಣೆಯಲ್ಲಿ ಅಂಥ ದೀಪಗಳು ಎಷ್ಟೋ. ನಿದ್ದೆಗೆಟ್ಟು ಓದುವುದೇ ಶ್ರದ್ಧೆ ಎಂದು ನಾವೇ ಅವರಿಗೆ ಕಲಿಸಿದ್ದೇವೆ, ನಾನೂ ಹಾಗೇ ಓದಿದವನು. ಓದಿದ್ದು ಸಾಲುಗಟ್ಟಿ ನಿಲ್ಲುವ ಕೆಲಸದ ಒಂದು ದೊಡ್ಡ ಭಾಗ ಪುಸ್ತಕ ಮುಚ್ಚಿದ ಮೇಲೆ, ಗಾಢ ನಿದ್ದೆಯಲ್ಲಿ ನಡೆಯುತ್ತದೆ. ಆ ಹೊತ್ತನ್ನು ಕಿತ್ತುಕೊಂಡರೆ ಹಗಲಿನ ಓದಿಗೆ ನಷ್ಟ. ಆದ್ದರಿಂದ ಈ ಅಧ್ಯಾಯ ಓದುತ್ತಿರುವ ತಂದೆ ತಾಯಂದಿರಲ್ಲಿ ನನ್ನದೊಂದು ಬೇಡಿಕೆ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ಕೋಣೆಗೆ ಕಾಫಿ ಕೊಂಡೊಯ್ಯಬೇಡಿ. ಹತ್ತೂವರೆಗೆ ಹೋಗಿ ದೀಪ ಆರಿಸಿ ಬನ್ನಿ.